ಆಯುಧಪೂಜೆವರೆಗೂ ವಾರಂಟಿ

ಅಮ್ಮ ಕೋಡುಬಳೆಯನ್ನು ಬಾಯಿಯ ಹತ್ತಿರ ತಂದವಳು ಹಾಗೆಯೇ ನಿಂತುಬಿಟ್ಟಳು.

“ಅಮ್ಮಾ, ಮತ್ತೆ ಸ್ಟಕ್ ಆದೆ ನೀನು!” ಎಂದಳು ಇಂಚರ, ಬಾಯಿ ತುಂಬ ಸಾರನ್ನ ಇಟ್ಟುಕೊಂಡೇ.

ಲ್ಯಾಪ್‌ಟಾಪಿನ ಪರದೆಯಲ್ಲಿ ಅಮ್ಮ ಹೀಗೆ ನಿಲ್ಲುವುದು ಹೊಸದೇನಲ್ಲ. ಅಮ್ಮ ಕೂತಿದ್ದದ್ದು ರಾಯಚೂರಿನ ಒಂದು ಸೈಬರ್ ಕೆಫೆಯಲ್ಲಿ. ಇಂಚರ ಕೂತಿದ್ದದ್ದು ಜೆ.ಪಿ. ನಗರದ ತನ್ನ ಮನೆಯ ಊಟದ ಟೇಬಲ್ಲಿನ ಮುಂದೆ. ಅಷ್ಟು ದೂರದಿಂದ ಬರುವ ಚಿತ್ರಕ್ಕೆ ನಡುವೆ ಎಲ್ಲೋ ಸುಸ್ತಾಗುತ್ತಿತ್ತು. ಹೋದ ತಿಂಗಳು ಅಮ್ಮ ಆಕಳಿಸುತ್ತಾ ನಿಂತುಬಿಟ್ಟಿದ್ದಳು. ಆವತ್ತು ಅಜ್ಜಿ ಕೂಡ ಅಡುಗೆಮನೆಯಿಂದ ಓಡಿ ಬಂದು ನೋಡಿ ನಕ್ಕಿದ್ದಳು.

ಆದರೆ ಈ ಸಲ ಅಮ್ಮ ಮತ್ತೆ ಅಲುಗಾಡಲಿಲ್ಲ. ಲ್ಯಾಪ್‌ಟಾಪಿನ ಹೊಟ್ಟೆಯಿಂದ ಬರುತ್ತಿದ್ದ ಗುರ್‌ಗುರ್ ಶಬ್ದ ಥಟ್ಟನೆ ನಿಂತಿತು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಇಂಚರಳಿಗೆ ಅವಳದೇ ಮುಖ ಕಂಡಿತು, ಕೆನ್ನೆಗೆ ಒಂದು ಅನ್ನದ ಅಗುಳು ಅಂಟಿಕೊಂಡಿತ್ತು.

ಎಡಗೈಯಿಂದ ಲ್ಯಾಪ್‌ಟಾಪಿನ ಪಕ್ಕ ಮುಟ್ಟಿ ನೋಡಿದಳು. ಇಸ್ತ್ರಿ ಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಊದಿದಳು. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಒತ್ತಿದಳು. ಬೇರೆ ದಿನವಾದರೆ ಇಷ್ಟಕ್ಕೆ ಪುಟ್ಟ ನೀಲಿ ದೀಪ ಹತ್ತಿಕೊಳ್ಳುತ್ತಿತ್ತು. ಇವತ್ತು ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು.

“ಅಪ್ಪಾ...”

ಟಿವಿಯ ಮುಂದಿದ್ದ ಅಪ್ಪ ಎದ್ದು ಬಂದ. ಬಂದವನು ಮೊದಲು ನೋಡಿದ್ದು ಲ್ಯಾಪ್‌ಟಾಪನ್ನಲ್ಲ, ಅದರ ಕೆಳಗೆ ಬೋರಲು ಹಾಕಿದ್ದ ಎರಡು ಇಡ್ಲಿ ತಟ್ಟೆಗಳನ್ನು.

“ಇದೇನೇ, ಇಡ್ಲಿ ತಟ್ಟೆ ಮೇಲೆ ಇಟ್ಟಿದೀಯ?”

“ಸುಮ್ನೆ.”

“ಟೇಬಲ್ ಫ್ಯಾನ್ ಯಾಕೆ ಹಾಕಿದೀಯ?”

“ಸೆಕೆ.”

“ಮತ್ತೆ ಸ್ವೆಟರ್ ಯಾಕೆ?”

ಇಂಚರ ತನ್ನ ಸ್ವೆಟರನ್ನು ನೋಡಿಕೊಂಡಳು. ಪುಣ್ಯಕ್ಕೆ ಆ ಹೊತ್ತಿಗೆ ಹಾಲಿನಲ್ಲಿ ಫೋನು ಹೊಡೆದುಕೊಂಡಿತು. ಅಮ್ಮನದೇ.

“ಏನೋ ಆಫ್ ಆಗೋಯ್ತು ಅನ್ನಪೂರ್ಣ,” ಎಂದ ಅಪ್ಪ ಫೋನಿನಲ್ಲಿ. “ಇಲ್ಲ ಇಲ್ಲ, ಗಾಬರಿ ಏನಿಲ್ಲ. ವಾರಂಟಿ ಇದೆಯಲ್ಲ. ಹೋದ್ ವರ್ಷ ಆಯುಧಪೂಜೆ ದಿನ ತಾನೆ ತಂದಿದ್ದು? ಈ ವರ್ಷದ್ದು ಬರೋ ಶನಿವಾರ. ನಾಳೆನೇ ಒಯ್ದು ಕೊಡ್ತೀನಿ.”

ಅಜ್ಜಿ ಹಾಲಿನ ಮೂಲೆಯಲ್ಲಿ ದಸರಾ ಗೊಂಬೆಗಳ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಕೂತಲ್ಲಿಂದಲೇ ದನಿಗೂಡಿಸಿದಳು. “ಹ್ಞೂಂ ಮತ್ತೆ! ಬೆಳಿಗ್ಗೆ ಸ್ಕೂಟರ್‌ಗೆ ಪೂಜೆ ಮಾಡಿ, ಸಾಯಂಕಾಲ ಅದೇ ಸ್ಕೂಟರ್‌ನಲ್ಲಿ ತಾನೆ ಅದನ್ನ ಮನೆಗೆ ತಂದಿದ್ದು. ವರ್ಷ ತುಂಬೋಕೆ ಇನ್ನೂ ಒಂದು ವಾರ ಇದೆ.”

ಇಂಚರ ಉಸಿರು ಬಿಟ್ಟಳು. ತಟ್ಟೆಯಲ್ಲಿ ಸಾರನ್ನ ಆರಿ ಹೋಗಿತ್ತು. ಆದರೂ ಅವಳು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

ಯಾಕೆಂದರೆ, ಲ್ಯಾಪ್‌ಟಾಪ್ ಕೆಟ್ಟದ್ದು ಇವತ್ತಲ್ಲ. ಅದು ಗೊತ್ತಿದ್ದದ್ದು ಇಂಚರಳೊಬ್ಬಳಿಗೇ.

ಅಮ್ಮನಿಗೆ ಬ್ಯಾಂಕಿನಲ್ಲಿ ಕೆಲಸ. ಜೂನ್ ತಿಂಗಳಲ್ಲಿ ಅವಳಿಗೆ ಪ್ರಮೋಷನ್ ಸಿಕ್ಕಿತು, ಜೊತೆಗೆ ರಾಯಚೂರಿಗೆ ಟ್ರಾನ್ಸ್‌ಫರ್ ಕೂಡ ಸಿಕ್ಕಿತು. ಎಲ್ಲರೂ ಕಂಗ್ರಾಟ್ಸ್ ಹೇಳಿ ಸ್ವೀಟು ತಿಂದರು. ಇಂಚರಳೂ ತಿಂದಳು. ಆಮೇಲೆ ಅಮ್ಮ ಎರಡು ಸೂಟ್‌ಕೇಸ್ ತುಂಬಿಕೊಂಡು ಹೊರಟಾಗಲೇ ಅವಳಿಗೆ ಆ ಸ್ವೀಟು ಯಾತಕ್ಕೆ ಎಂದು ಸರಿಯಾಗಿ ಅರ್ಥವಾದದ್ದು. ಬಸವನಗುಡಿಯಲ್ಲಿದ್ದ ಅಮ್ಮಣ್ಣಿ ಅಜ್ಜಿ, ಅಂದರೆ ಅಮ್ಮನ ಅಮ್ಮ, ಇವರ ಮನೆಗೆ ಬಂದು ಉಳಿದಳು.

ಫೋನಿನಲ್ಲಿ ಅಮ್ಮ ದಿನವೂ ಮಾತಾಡುತ್ತಿದ್ದಳು. ಆದರೆ ಫೋನಿನಲ್ಲಿ ಅಮ್ಮ ಬರೀ ಧ್ವನಿ. ಭಾನುವಾರ ಸಂಜೆ ಮಾತ್ರ ಅಮ್ಮನಿಗೆ ಮುಖ ಬರುತ್ತಿತ್ತು. ಇಂಚರ ಲ್ಯಾಪ್‌ಟಾಪನ್ನು ಊಟದ ಟೇಬಲ್ಲಿನಲ್ಲಿ ಅಮ್ಮ ಕೂರುತ್ತಿದ್ದ ಜಾಗದಲ್ಲೇ ಇಟ್ಟು, ಎದುರಿಗೆ ತನ್ನ ತಟ್ಟೆ ಇಟ್ಟುಕೊಳ್ಳುತ್ತಿದ್ದಳು. ಅಪ್ಪ ನಾಲ್ಕು ಮಾತಾಡಿ ಟಿವಿಗೆ ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಇಂಚರಳದು.

ಸೈಬರ್ ಕೆಫೆಯ ಮೌನೇಶಣ್ಣ ಅಲ್ಲಿ ಏನನ್ನೂ ತಿನ್ನಲು ಬಿಡುತ್ತಿರಲಿಲ್ಲ. “ಮೇಡಂ, ಕೀಬೋರ್ಡಿನ್ಯಾಗ ಪುಡಿ ಬೀಳತೈತ್ರೀ!” ಎಂದು ಗದರುವುದು ಇಂಚರಳಿಗೂ ಕೇಳಿಸುತ್ತಿತ್ತು. ಅದಕ್ಕೇ ಅಮ್ಮ ಕೋಡುಬಳೆಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಅವನು ಅತ್ತ ತಿರುಗಿದಾಗ ಕಟುಂ ಎನ್ನಿಸುತ್ತಿದ್ದಳು. ಬ್ಯಾಂಕ್ ಆಫೀಸರ್ ಒಬ್ಬಳು ಹಾಗೆ ಕದ್ದು ತಿನ್ನುವುದನ್ನು ನೋಡುವುದೇ ಒಂದು ಮಜಾ.

“ನಂದು ಊಟ ರೂಮಿಗೆ ಹೋದ್ಮೇಲೆ. ನೀನು ತಿನ್ನು, ಬಿಸಿ ಆರತ್ತೆ,” ಎನ್ನುತ್ತಿದ್ದಳು ಅಮ್ಮ ಪ್ರತಿ ವಾರ. ಇಂಚರ ತಿನ್ನುತ್ತಿದ್ದಳು.

ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲೆ ಲ್ಯಾಪ್‌ಟಾಪ್ ಗುರ್‌ಗುರ್ ಎನ್ನಲು ಶುರು ಮಾಡಿತು. ಮೊದಮೊದಲು ಸಣ್ಣಗೆ, ಆಮೇಲೆ ಮಿಕ್ಸಿಯ ಹಾಗೆ. ಬಿಸಿಯಾಗಿ ತನ್ನಷ್ಟಕ್ಕೇ ಆಫ್ ಆಗುತ್ತಿತ್ತು. ಅಪ್ಪನಿಗೆ ಹೇಳಬೇಕೆಂದು ಅವಳು ಎರಡು ಸಲ ಬಾಯಿ ತೆರೆದದ್ದೂ ಉಂಟು.

ಅದನ್ನು ಮುಚ್ಚಿಸಿದವನು ಕೆಳಗಿನ ಮನೆಯ ಸೀನು. “ನಮ್ಮನೆ ಕಂಪ್ಯೂಟರ್ ಸರ್ವೀಸ್‌ಗೆ ಕೊಟ್ಟು ಎರಡು ತಿಂಗಳಾಯ್ತು, ಗೊತ್ತಾ? ಕೇಳಿದಾಗಲೆಲ್ಲ ಪಾರ್ಟ್ ಬರ್ಬೇಕು, ಪಾರ್ಟ್ ಬರ್ಬೇಕು ಅಂತಾರೆ. ಇನ್ನು ಬರಲ್ಲ ಬಿಡು ಅದು!”

ಎರಡು ತಿಂಗಳಿಗೆ ಎಷ್ಟು ಭಾನುವಾರ? ಇಂಚರ ಬೆರಳು ಮಡಿಸುತ್ತಾ ಹೋಗಿ ಒಂದು ಕೈಯ ಬೆರಳುಗಳು ಮುಗಿದಾಗ ನಿಲ್ಲಿಸಿದಳು. ಮುಂದೆ ಎಣಿಸಲು ಅವಳಿಗೆ ಇಷ್ಟವಾಗಲಿಲ್ಲ.

ಅವತ್ತು ರಾತ್ರಿ ಅಜ್ಜಿಯ ಪಕ್ಕ ಮಲಗಿದಾಗ ಕೇಳಿದಳು. “ಅಜ್ಜೀ, ವಾರಂಟಿ ಎಷ್ಟು ದಿನ ಇರತ್ತೆ?”

“ಒಂದು ವರ್ಷ. ಆಯುಧಪೂಜೆಯಿಂದ ಆಯುಧಪೂಜೆಗೆ. ಯಾಕೇ?”

“ಸುಮ್ನೆ.”

ಅಮ್ಮ ಗಣೇಶನ ಹಬ್ಬಕ್ಕೆ ಬರಲು ಆಗುವುದಿಲ್ಲ ಎಂದಿದ್ದಳು, ದಸರಾಕ್ಕೆ ಖಂಡಿತ ಬರುತ್ತೇನೆ ಎಂದಿದ್ದಳು. ಸರಿ, ಅಮ್ಮ ದಸರಾಕ್ಕೆ ಬಂದಾಗ ಅಪ್ಪನಿಗೆ ಹೇಳುವುದು. ಅಮ್ಮನೇ ಮನೆಯಲ್ಲಿರುವಾಗ ಲ್ಯಾಪ್‌ಟಾಪ್ ಯಾರಿಗೆ ಬೇಕು? ಆಗ ಸರ್ವೀಸ್‌ಗೆ ಕೊಟ್ಟರಾಯಿತು. ವಾರಂಟಿಯೂ ಇರುತ್ತೆ, ಅಲ್ಲಿವರೆಗೆ ಒಂದು ಭಾನುವಾರವೂ ಹಾಳಾಗುವುದಿಲ್ಲ. ಐದನೇ ಕ್ಲಾಸಿನ ಯಾವ ಲೆಕ್ಕವನ್ನೂ ಇಂಚರ ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

ಲ್ಯಾಪ್‌ಟಾಪಿನ ಕೆಳಗೆ ಗಾಳಿಯಾಡಿ ತಣ್ಣಗಿರಲಿ ಎಂದು ಅಲ್ಲಿಂದ ಶುರುವಾದದ್ದೇ ಇಡ್ಲಿ ತಟ್ಟೆ, ಟೇಬಲ್ ಫ್ಯಾನು. ಫ್ಯಾನಿನ ಗಾಳಿಗೆ ಚಳಿಯಾಗಿ ಸ್ವೆಟರು.

ಮಾರನೆಯ ದಿನ ಅಪ್ಪ ಅರ್ಧ ದಿನ ರಜೆ ಹಾಕಿದ. ಇಂಚರಳಿಗೆ ಹೇಗೂ ದಸರಾ ರಜೆ. ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹಿಂದೆ ಕೂತಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಹೂವಿನವರು, ಬೂದುಗುಂಬಳದವರು ಆಗಲೇ ಅರ್ಧ ರಸ್ತೆಗೆ ಬಂದು ಕೂತಿದ್ದರು.

ಜಯನಗರದ ಸರ್ವೀಸ್ ಸೆಂಟರಿನಲ್ಲಿ ಏಸಿ ಹಾಕಿ ಫ್ರಿಜ್ಜಿನ ಹಾಗೆ ಮಾಡಿಟ್ಟಿದ್ದರು. ಕೌಂಟರಿನಲ್ಲಿದ್ದ ಅಕ್ಕನ ಎದೆಯ ಮೇಲೆ ಚೂಡಾಮಣಿ ಎಂಬ ಹೆಸರಿನ ಪಟ್ಟಿ ಇತ್ತು. ಅವಳು ಲ್ಯಾಪ್‌ಟಾಪನ್ನು ತಿರುಗಿಸಿ, ಬೆನ್ನ ಮೇಲಿದ್ದ ನಂಬರನ್ನು ಕಂಪ್ಯೂಟರಿಗೆ ಹಾಕಿದಳು.

“ಸಾರ್, ಇದು ಔಟ್ ಆಫ್ ವಾರಂಟಿ.”

ಅಪ್ಪ ನಕ್ಕ. “ಇಲ್ಲ ಮೇಡಂ, ಸರಿಯಾಗಿ ನೋಡಿ. ಆಯುಧಪೂಜೆ ದಿನ ತಗೊಂಡಿದ್ದು. ಆಯುಧಪೂಜೆ ಬರೋ ಶನಿವಾರ.”

“ನಂಗೆ ಆಯುಧಪೂಜೆ ಗೊತ್ತಾಗಲ್ಲ ಸಾರ್. ಇಲ್ಲಿ ಡೇಟ್ ಇದೆ. ಹೋದ ವರ್ಷ ಅಕ್ಟೋಬರ್ ಒಂದನೇ ತಾರೀಕು ಬಿಲ್ ಆಗಿದೆ. ಸೆಪ್ಟೆಂಬರ್ ಕೊನೆಗೇ ಮುಗಿದುಹೋಯ್ತು.”

“ಅದು ಹೇಗೆ ಮೇಡಂ? ಹಬ್ಬ ಇನ್ನೂ ಬಂದೇ ಇಲ್ವಲ್ಲ!”

ಹಿಂದೆ ಕ್ಯೂನಲ್ಲಿದ್ದ ಒಬ್ಬರು ಕಿಸಕ್ಕೆಂದರು. ಅಪ್ಪ ಜೇಬಿನಿಂದ ಬಿಲ್ಲು ತೆಗೆದು ನೋಡಿದ. ಅಪ್ಪನ ಕೆಲಸ ಇನ್ಶೂರೆನ್ಸ್ ಕಂಪನಿಯಲ್ಲಿ. ಊರಿನವರೆಲ್ಲರ ಪಾಲಿಸಿ ಯಾವ ದಿನ ಮುಗಿಯುತ್ತೆ ಎಂದು ಬಾಯಲ್ಲೇ ಹೇಳಿಬಿಡುತ್ತಾನೆ. ಅಂಥವನ ಕಿವಿ ಈಗ ಕೆಂಪಗಾಯಿತು.

ಚೂಡಾಮಣಿ ಅಕ್ಕ ಒಳ್ಳೆಯವಳೇ. ನಗಲಿಲ್ಲ. ಲ್ಯಾಪ್‌ಟಾಪನ್ನು ಒಳಗೆ ಕಳಿಸಿ, ಅರ್ಧ ಗಂಟೆ ಕಾಯಿಸಿ, ಮತ್ತೆ ಕರೆದಳು.

“ಫ್ಯಾನ್ ಹೋಗಿದೆ ಸಾರ್. ಫ್ಯಾನ್ ನಿಂತಿದ್ದಕ್ಕೆ ಹೀಟ್ ಆಗಿ ಮದರ್‌ಬೋರ್ಡೂ ಹೋಗಿದೆ. ಬೋರ್ಡ್ ಚೇಂಜ್ ಮಾಡ್ಬೇಕು. ಆದ್ರೆ ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆ ಆಗತ್ತೆ.” ಆಮೇಲೆ ಕೇಳಿದಳು, “ಮುಂಚೆ ಏನೂ ಪ್ರಾಬ್ಲಂ ಇರ್ಲಿಲ್ವಾ? ಸೌಂಡ್ ಬರೋದು, ಬಿಸಿ ಆಗೋದು? ಆವಾಗ್ಲೇ ತಂದಿದ್ರೆ ಫ್ಯಾನ್ ಫ್ರೀಯಾಗಿ ಹಾಕ್ಕೊಡ್ತಿದ್ವಿ. ಒಂದೇ ದಿನದ ಕೆಲಸ.”

“ಛೆ ಛೆ, ಏನೂ ಇರ್ಲಿಲ್ಲ ಮೇಡಂ,” ಎಂದ ಅಪ್ಪ. “ಅಲ್ವೇನೇ ಇಂಚರಾ?”

ಇಂಚರ ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಒಂದೇ ದಿನದ ಕೆಲಸ. ಸೋಮವಾರ ಕೊಟ್ಟಿದ್ದರೆ ಮಂಗಳವಾರ ಬಂದುಬಿಡುತ್ತಿತ್ತು! ಆ ಸೀನುವಿನ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಸಿಕ್ಕಿದ್ದರೆ ಅವನ ಕೂದಲು ಹಿಡಿದು ಜಗ್ಗುತ್ತಿದ್ದಳು. ಆದರೆ ಅವನು ರಜೆಗೆ ಊರಿಗೆ ಹೋಗಿದ್ದ. ಅಲ್ಲದೆ, ಸುಮ್ಮನಿದ್ದದ್ದು ಅವನಲ್ಲವಲ್ಲ.

“ಅಮ್ಮ ಬರ್ಲಿ, ಕೇಳಿ ನೋಡೋಣ,” ಎಂದು ಅಪ್ಪ ಲ್ಯಾಪ್‌ಟಾಪನ್ನು ವಾಪಸ್ಸು ತಂದ.

ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಕೇಳಿದಳು. ಅಕ್ಟೋಬರ್ ಒಂದು ಎಂಬ ಮಾತು ಬಂದಾಗ ಎದ್ದು ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಜೂನಿನ ಹಾಳೆ ಬಂದಾಗ ಹಣೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಮಂಕುಬುದ್ಧಿಯೇ! ಈ ವರ್ಷ ಅಧಿಕ ಮಾಸ ಬಂದಿತ್ತಲ್ಲ. ಎರಡೆರಡು ಜ್ಯೇಷ್ಠ. ಒಂದು ತಿಂಗಳು ಜಾಸ್ತಿ ಸೇರಿಕೊಂಡಿದ್ದಕ್ಕೆ ಹಬ್ಬಗಳೆಲ್ಲ ಮುಂದಕ್ಕೆ ಹೋದ್ವು. ಅಂಗಡಿಯವನ ವರ್ಷಕ್ಕೆ ಅಧಿಕ ಮಾಸ ಎಲ್ಲಿಂದ ಬರ್ಬೇಕು!”

ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. “ಅತ್ತೆ, ನೀವು ನಂಗೆ ಕಜ್ಜಾಯ ಕೊಟ್ರಲ್ಲ, ಅದೇ ತಾನೆ?”

“ಅದೇ! ಮೂವತ್ತಮೂರು ಕಜ್ಜಾಯ ಕರಿದು, ದೀಪ ಇಟ್ಟು, ಅಳಿಯಂದಿರಿಗೆ ದಾನ ಕೊಟ್ಟೋಳು ನಾನೇ. ಕೈಯಾರೆ ಕರಿದೆ, ತಲೆಗೆ ಮಾತ್ರ ಹೊಳೀಲಿಲ್ಲ ನೋಡಿ.”

“ತಿಂದೋನು ನಾನು, ನಂಗೂ ಹೊಳೀಲಿಲ್ಲ,” ಎಂದು ಅಪ್ಪ ನಗಲು ಶುರು ಮಾಡಿದ. ಅಜ್ಜಿಗೂ ನಗು ಬಂತು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಇಂಚರಳಿಗೆ ಆ ಕಜ್ಜಾಯಗಳು ಚೆನ್ನಾಗಿ ನೆನಪಿದ್ದವು. ಅಮ್ಮ ರಾಯಚೂರಿಗೆ ಹೊರಡುವ ಹಿಂದಿನ ವಾರ ಅದು. ಅಪ್ಪನ ದಾನದಲ್ಲಿ ಅವಳೂ ಅಮ್ಮನೂ ಬಾಗಿಲ ಹಿಂದೆ ನಿಂತು ಒಂದೊಂದು ಕದ್ದು ತಿಂದಿದ್ದರು. ಅವಳಿಗೆ ನಗು ಬರಲಿಲ್ಲ.

ಆ ವಾರವೆಲ್ಲ ಮನೆಗೆ ಯಾರೇ ಬಂದರೂ ಅಜ್ಜಿ ಅದೇ ಕತೆ ಹೇಳಿದಳು. ಗೊಂಬೆ ನೋಡಲು ಬಂದ ಹೆಂಗಸರಿಗೆ ಅರಿಸಿನ ಕುಂಕುಮ ಕೊಟ್ಟು, ಕಡಲೆಕಾಳು ಉಸಲಿ ಕೈಗಿಟ್ಟು, “ಎಲ್ಲಾ ನನ್ನಿಂದಲೇ ಆಗಿದ್ದು. ಪಂಚಾಂಗ ನೋಡೋಳು ನಾನೇ ಮರೆತರೆ ಹೇಗೆ ಹೇಳಿ,” ಎನ್ನುತ್ತಿದ್ದಳು. ಅವರು “ಬಿಡಿ ಅಮ್ಮಣ್ಣಮ್ಮನವರೇ, ಯಾರಿಗೆ ಹೊಳೆಯತ್ತೆ,” ಎಂದು ಸಮಾಧಾನ ಮಾಡುತ್ತಿದ್ದರು.

ಪ್ರತಿ ಸಲವೂ ಇಂಚರ ಎದ್ದು ಒಳಗೆ ಹೋಗುತ್ತಿದ್ದಳು. ಅಧಿಕ ಮಾಸ ಬೈಸಿಕೊಂಡಿತು, ಅಜ್ಜಿ ತನ್ನನ್ನು ತಾನೇ ಬೈದುಕೊಂಡಳು, ಅಪ್ಪ ಸರ್ವೀಸ್ ಸೆಂಟರನ್ನು ಬೈದ. ಇಂಚರಳನ್ನು ಮಾತ್ರ ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಬೈಯದೇ ಇರುವಾಗ ಯಾರ ಮುಂದೆ ಅಳುವುದು?

ಬೀದಿಯಲ್ಲಿ ಮಕ್ಕಳೇ ಇರಲಿಲ್ಲ. ಎಲ್ಲರೂ ಊರಿಗೆ ಹೋಗಿದ್ದರು. ಅವಳು ಗೇಟಿನ ಮೇಲೆ ಹತ್ತಿ ಕೂತು ಅತ್ತಿತ್ತ ತೂಗಿಸುತ್ತಾ, ಅಮ್ಮ ಶುಕ್ರವಾರ ರಾತ್ರಿ ಬಸ್ಸು ಹತ್ತುವುದನ್ನು ಯೋಚಿಸುತ್ತಿದ್ದಳು. ಅಮ್ಮ ಬಂದರೆ ಸಾಕು. ಬಂದ ತಕ್ಷಣ ಕಿವಿಯಲ್ಲಿ ಎಲ್ಲ ಹೇಳಿಬಿಡುವುದು.

ಗುರುವಾರ ಫೋನು ಬಂತು. ಅಮ್ಮನ ಬ್ರಾಂಚಿನಲ್ಲಿ ಆಫೀಸರುಗಳು ಇಬ್ಬರೇ. ಇನ್ನೊಬ್ಬರಾದ ಜಯದೇವಪ್ಪ ಅಂಕಲ್, ತಮ್ಮ ತಂದೆಗೆ ಹುಷಾರಿಲ್ಲವೆಂದು ಊರಿಗೆ ಹೋಗಿಬಿಟ್ಟಿದ್ದರು. ಬ್ಯಾಂಕಿನ ಕೀಗಳು ಈಗ ಅಮ್ಮನ ಹತ್ತಿರ. ಕೀ ಇಟ್ಟುಕೊಂಡವರು ಊರು ಬಿಡುವ ಹಾಗಿಲ್ಲ.

“ದೀಪಾವಳಿಗೆ ಖಂಡಿತ ಪುಟ್ಟೀ,” ಎಂದಳು ಅಮ್ಮ.

“ಹ್ಞೂಂ,” ಎಂದಳು ಇಂಚರ. ಕಿವಿಯಲ್ಲಿ ಹೇಳಬೇಕೆಂದುಕೊಂಡದ್ದು ಫೋನಿನಲ್ಲಿ ಬಾಯಿಗೆ ಬರಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತಿದ್ದ.

ಶನಿವಾರ ಆಯುಧಪೂಜೆ. ಅಪ್ಪ ಸ್ಕೂಟರು ತೊಳೆದು ಬಾಳೆಕಂದು ಕಟ್ಟಿದ. ಅಜ್ಜಿ ಈಳಿಗೆಮಣೆ, ಚಾಕು, ಕತ್ತರಿ, ಹೊಲಿಗೆ ಮೆಷಿನ್ನು ಎಲ್ಲ ಸಾಲಾಗಿ ಇಟ್ಟಳು. ಕೊನೆಗೆ ಲ್ಯಾಪ್‌ಟಾಪನ್ನೂ ತಂದು ಮಣೆಯ ಮೇಲೆ ಕೂರಿಸಿದಳು.

“ಕೆಟ್ಟು ಕೂತಿರೋದಕ್ಕೆ ಯಾಕೆ ಪೂಜೆ ಅತ್ತೆ?” ಎಂದ ಅಪ್ಪ.

“ಹುಷಾರಿಲ್ಲ ಅಂತ ಮಕ್ಕಳ ಹಣೆಗೆ ಕುಂಕುಮ ಇಡೋದು ಬಿಡ್ತೀವಾ? ಇಂಚರಾ, ಬಾ ಇಲ್ಲಿ. ಹೆಚ್ಚು ಬಳಸೋಳು ನೀನು, ನೀನೇ ಇಡು.”

ಇಂಚರ ಬೆರಳ ತುದಿಯಲ್ಲಿ ಕುಂಕುಮ ತೆಗೆದುಕೊಂಡು ಲ್ಯಾಪ್‌ಟಾಪಿನ ಮುಚ್ಚಳದ ನಡುವೆ ಇಟ್ಟಳು. ಮುಚ್ಚಳ ತಣ್ಣಗಿತ್ತು. ಅಷ್ಟು ದಿನ ಅವಳು ಅದನ್ನು ತಣ್ಣಗೆ ಮಾಡಲು ಎಷ್ಟೆಲ್ಲ ಪಾಡು ಪಟ್ಟಿದ್ದಳು. ಸಾರಿ, ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಭಾನುವಾರ ಸಂಜೆ ಅಜ್ಜಿ ಬನಶಂಕರಿ ದೇವಸ್ಥಾನಕ್ಕೆ ಹೊರಟಳು. ಅವಳನ್ನು ಬಿಟ್ಟು, ಪೂಜೆ ಮುಗಿಯುವವರೆಗೆ ಕಾದು ಕರೆತರಲು ಅಪ್ಪನೂ ಹೋದ. “ನೀನೂ ಬಾರೇ,” ಎಂದು ಇಬ್ಬರೂ ಕರೆದರು. ಇಂಚರ ಒಲ್ಲೆ ಎಂದಳು. ಅದು ಅಮ್ಮನ ಹೊತ್ತು. ಕೆಳಗಿನ ಮನೆಯ ಆಂಟಿಗೆ ನೋಡಿಕೊಳ್ಳಲು ಹೇಳಿ ಅವರು ಹೊರಟರು.

ಲ್ಯಾಪ್‌ಟಾಪ್ ಇಲ್ಲದಿದ್ದರೆ ಏನು, ಮೇನ್ ರೋಡಿನ ಸೈಬರ್‌ಗೆ ಕರ್ಕೊಂಡು ಹೋಗ್ತೀನಿ ಎಂದು ಅಪ್ಪ ಹೇಳಿದ್ದ. ಹಬ್ಬವೆಂದು ಆ ಸೈಬರ್ ಮುಚ್ಚಿತ್ತು. ರಾಯಚೂರಿನಲ್ಲಿ ಮೌನೇಶಣ್ಣನೂ 'ಮೂರು ದಿವಸ ಬಂದ್ ರೀ ಮೇಡಂ' ಎಂದು ಬೋರ್ಡು ಹಾಕಿ ಹೋಗಿದ್ದನಂತೆ.

ಇಂಚರ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡಳು. ಊಟದ ಟೇಬಲ್ಲಿನಲ್ಲಿ ಅಮ್ಮನ ಜಾಗ ಖಾಲಿ ಇತ್ತು. ಫೋನಿನ ವೈರು ಟೇಬಲ್ಲಿನವರೆಗೆ ಬರುವುದಿಲ್ಲ. ಅದಕ್ಕೇ ತಟ್ಟೆಯನ್ನೇ ಫೋನಿನ ಹತ್ತಿರ ಒಯ್ದು, ಸ್ಟ್ಯಾಂಡಿನ ಕೆಳಗೆ ನೆಲದ ಮೇಲೆ ಕೂತಳು. ಎದುರಿಗೆ ಗೊಂಬೆಗಳು ಸಾಲುಸಾಲಾಗಿ ಅವಳನ್ನೇ ನೋಡುತ್ತಿದ್ದವು. ಅಷ್ಟೊಂದು ಕಣ್ಣುಗಳಿದ್ದೂ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿತು.

ಫೋನು ಹೊಡೆದುಕೊಂಡಿತು.

“ಪುಟ್ಟೀ, ಊಟಕ್ಕೆ ಕೂತ್ಯಾ?”

“ಹ್ಞೂಂ. ನೀನು ಎಲ್ಲಿದೀಯ?”

“ರೂಮಲ್ಲಿ. ಏನು ಸಾರು?”

“ಟೊಮೊಟೊ ಸಾರು. ಅಮ್ಮಾ, ಒಂದು ಹೇಳ್ತೀನಿ. ಬೈಬೇಡ. ಅಲ್ಲ, ಬೈ ಬೇಕಾದ್ರೆ.”

“ಏನೇ ಅದು?”

ಇಂಚರ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು. ಗುರ್‌ಗುರ್ ಶಬ್ದ, ಇಡ್ಲಿ ತಟ್ಟೆ, ಫ್ಯಾನು, ಸೀನು ಹೇಳಿದ್ದು, ಚೂಡಾಮಣಿ ಅಕ್ಕ ಹೇಳಿದ್ದು, ಅಜ್ಜಿ ಎಲ್ಲರ ಮುಂದೆ ತನ್ನದೇ ತಪ್ಪು ಅನ್ನುತ್ತಿರುವುದು, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಮೂಗು ಸೋರಿತು, ಎಡಗೈಯಲ್ಲಿ ಒರೆಸಿಕೊಂಡಳು. “ಅಧಿಕ ಮಾಸದ್ದಲ್ಲ ಅಮ್ಮ ತಪ್ಪು. ನಂದು. ಆವಾಗ್ಲೇ ಹೇಳಿದ್ರೆ ಫ್ರೀಯಾಗಿ ಸರಿ ಆಗ್ತಿತ್ತು.”

ಆ ಕಡೆಯಿಂದ ಏನೂ ಕೇಳಲಿಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡಳು.

“ಅಮ್ಮಾ? ಸ್ಟಕ್ ಆದ್ಯಾ?”

“ಇಲ್ಲ ಕಣೇ, ಇದೀನಿ,” ಎಂದಳು ಅಮ್ಮ. ಆಮೇಲೆ ಮೆಲ್ಲಗೆ, “ನಂಗೊತ್ತಿತ್ತು ಪುಟ್ಟಿ.”

“ಏನು?”

“ಲ್ಯಾಪ್‌ಟಾಪ್ ಸರಿ ಇಲ್ಲ ಅಂತ. ಮಿಕ್ಸಿ ಓಡೋ ಹಾಗೆ ಸೌಂಡ್ ಬರ್ತಿತ್ತಲ್ಲ. ಮೊದ್ಲು ನೇರ ನಿನ್ನ ಮುಖ ಕಾಣ್ತಿತ್ತು, ಆಮೇಲಾಮೇಲೆ ನಿನ್ನ ಬೈತಲೆ ಕಾಣೋಕೆ ಶುರುವಾಯ್ತು. ಏನೋ ಎತ್ತರದ ಮೇಲೆ ಇಟ್ಟಿದಾಳೆ ಅಂದ್ಕೊಂಡೆ. ಮೈಮೇಲೆ ಸ್ವೆಟರ್, ಫ್ಯಾನ್ ಗಾಳಿಗೆ ಕೂದಲು ಹಾರ್ತಿರೋದು. ನನಗೆ ಗೊತ್ತಾಗಲ್ವಾ?”

ಇಂಚರ ನೆಟ್ಟಗೆ ಕೂತಳು. “ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ ನೀನು?”

“ನೀನು ಯಾಕೆ ಹೇಳ್ಲಿಲ್ಲ?”

“ಸರ್ವೀಸ್‌ಗೆ ಕೊಟ್ಬಿಟ್ರೆ ಭಾನುವಾರ ನೀನು ಕಾಣಲ್ವಲ್ಲ ಅಂತ.”

“ಹ್ಞೂಂ,” ಎಂದಳು ಅಮ್ಮ. “ನಾನೂ ಅದಕ್ಕೇ.”

ಇಂಚರ ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದಳು.

ಇಷ್ಟು ದಿನ ಅವಳು ಅಂದುಕೊಂಡಿದ್ದು, ಭಾನುವಾರಕ್ಕಾಗಿ ಕಾಯುವವಳು ತಾನೊಬ್ಬಳೇ ಎಂದು. ಪರದೆ ಮುಚ್ಚಿದ ಮೇಲೆ ಅಮ್ಮ ಎಲ್ಲಿಗೆ ಹೋಗುತ್ತಾಳೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಇವಳಿಗಾದರೆ ಟೇಬಲ್ಲಿನಿಂದ ಎದ್ದರೆ ಅಜ್ಜಿಯ ತೊಡೆ ಇತ್ತು, ಅಪ್ಪನ ಟಿವಿ ಇತ್ತು, ಜಗಳಕ್ಕೆ ಸೀನು ಇದ್ದ. ಅಮ್ಮ ಕೆಫೆಯಿಂದ ಎದ್ದು, ಬೀದಿ ದಾಟಿ, ಇಂಚರ ಇನ್ನೂ ನೋಡದ ಯಾವುದೋ ರೂಮಿನ ಬೀಗ ತೆಗೆಯಬೇಕು. ಒಳಗೆ ಯಾರೂ ದೀಪ ಹಾಕಿಟ್ಟಿರುವುದಿಲ್ಲ. ಇವತ್ತಂತೂ ಹಬ್ಬ.

“ಅಮ್ಮಾ, ನಿಂದು ಊಟ?”

“ನಂದೇನು, ಆಮೇಲೆ ಮಾಡ್ತೀನಿ. ನೀನು ತಿನ್ನು, ಬಿಸಿ ಆರತ್ತೆ.”

“ಆಮೇಲೆ ಅಂದ್ರೆ? ಏನು ಅಡುಗೆ?”

“ಇನ್ನೂ ಏನೂ ಮಾಡಿಲ್ಲ ಕಣೇ. ಒಬ್ಬಳಿಗೆ ಏನು ಮಾಡೋದು ಅಂತ. ಕೋಡುಬಳೆ ಇದೆಯಲ್ಲ.”

“ಕೋಡುಬಳೆ ಎಲ್ಲಾದ್ರೂ ಊಟ ಆಗತ್ತಾ?” ಎಂದಳು ಇಂಚರ. ಆ ಮಾತು ಅಚ್ಚು ಅಜ್ಜಿಯ ಹಾಗೆಯೇ ಬಂತು. “ಏಳು. ಅನ್ನಕ್ಕಿಡು. ನಾನು ಇಲ್ಲೇ ಇರ್ತೀನಿ.”

“ಮೊಬೈಲಲ್ಲಿ ಕರೆನ್ಸಿ ಖಾಲಿ ಆಗತ್ತೆ ಪುಟ್ಟಿ.”

“ಹಾಗಾದ್ರೆ ನೀನು ಕಟ್ ಮಾಡು. ನಾನೇ ಮಾಡ್ತೀನಿ.”

ಇಷ್ಟು ತಿಂಗಳಲ್ಲಿ ಅಮ್ಮನಿಗೆ ಅವಳು ಫೋನು ಮಾಡಿದ್ದೇ ಇಲ್ಲ. ಯಾವಾಗಲೂ ಅಮ್ಮನೇ ಮಾಡುತ್ತಿದ್ದಳು. ಗೋಡೆಯ ಮೇಲೆ ಅಪ್ಪ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ನಂಬರನ್ನು ನೋಡಿ ನೋಡಿ ಒತ್ತಿದಳು. ಒಂದೇ ರಿಂಗಿಗೆ ಅಮ್ಮ ಎತ್ತಿಕೊಂಡಳು.

“ಅಕ್ಕಿ ತೊಳಿ. ಬೇಳೆನೂ ಹಾಕು,” ಎಂದಳು ಇಂಚರ.

“ಆಯ್ತು ಮೇಡಂ,” ಎಂದಳು ಅಮ್ಮ. ಅವಳ ಗಂಟಲಲ್ಲಿ ನಗು ಇತ್ತೋ ಅಳು ಇತ್ತೋ, ಮುಖ ಕಾಣದೆ ಹೇಳುವುದು ಕಷ್ಟ.

ಅಮ್ಮ ಮೊಬೈಲನ್ನು ಎಲ್ಲೋ ಕಟ್ಟೆಯ ಮೇಲಿಟ್ಟಳು. ಡಬ್ಬದ ಮುಚ್ಚಳ ತೆಗೆದದ್ದು ಕೇಳಿಸಿತು. ನಲ್ಲಿಯ ನೀರು ಕೇಳಿಸಿತು. ಲೈಟರು ಟಕ್ ಟಕ್ ಎಂದು ಹತ್ತದೆ ಕಾಡಿ, ಆಮೇಲೆ ಹತ್ತಿತು. ಇಂಚರ ತನ್ನ ಅನ್ನದ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ರಿಸೀವರನ್ನು ಕಿವಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಗೇಟಿನ ಸದ್ದಾಯಿತು. ಅಪ್ಪ, ಅಜ್ಜಿ ಪ್ರಸಾದ ಹಿಡಿದುಕೊಂಡು ಒಳಗೆ ಬಂದರು.

“ಇದೇನೇ, ತಟ್ಟೆ ಮುಚ್ಚಿಟ್ಕೊಂಡು ನೆಲದ ಮೇಲೆ ಕೂತಿದೀಯ?” ಎಂದಳು ಅಜ್ಜಿ. “ಊಟ ಮಾಡ್ಬಾರ್ದಾ?”

“ಶ್...” ಎಂದು ಇಂಚರ ತುಟಿಯ ಮೇಲೆ ಬೆರಳಿಟ್ಟಳು. ಅಜ್ಜಿಗೂ ಒಂದು ಮಾತು ಹೇಳುವುದಿತ್ತು. ಅದನ್ನು ಊಟವಾದ ಮೇಲೆ ಹೇಳಬೇಕು.

ರಾಯಚೂರಿನಲ್ಲಿ ಕುಕ್ಕರ್ ಕೂಗಿತು.

“ಒಂದು,” ಎಂದಳು ಇಂಚರ.